ಮುರಗರಡಿ: ಸುರಂಗ ತೋಡುವ ಪ್ರಾಣಿಯೊಂದನ್ನು ಆಟದ ಲೋಕಕ್ಕೆ ಕಟ್ಟಿದ ಬಗೆ

ಇಲ್ಲಿ ನಕ್ಷೆ ಮೊದಲು ಬಂತು, ಪ್ರಾಣಿ ಆಮೇಲೆ. ಕರಾವಳಿಗೂ ಘಟ್ಟಕ್ಕೂ ನಡುವೆ 200 ಚದರ ಕಿಲೋಮೀಟರಿನ ಒಂದು ಕಲ್ಪಿತ ಸೀಮೆ, ಹೆಸರು ಮುರನಾಡು. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬೋಳು ಪದವು, ಅಂದರೆ ಗುಡ್ಡದ ತಲೆಯ ಬಯಲು, ಇಳಿಜಾರಿನಲ್ಲಿ ಕಾಡು, ತಪ್ಪಲಿನಲ್ಲಿ ಅಡಿಕೆ ತೋಟಗಳ ನಡುವೆ ಒಂದು ಹಳ್ಳಿ. ಪದವಿನ ಅಂಚಿನುದ್ದಕ್ಕೂ ಹನ್ನೊಂದು ಗುಹೆಬಾಯಿಗಳು. ಒಳಗಿನ ದಾರಿಗಳನ್ನೆಲ್ಲ ಸೇರಿಸಿದರೆ 600 ಮೀಟರ್. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಪಾತ್ರಗಳಾಗಿ ಆಡುವ ಕಥೆಯಾಟ; 2014ರ ಐದನೇ ಆವೃತ್ತಿ. ನಾಲ್ವರು ಆಟಗಾರರು, ಎಲ್ಲರ ಪಾತ್ರಗಳೂ ಶಕ್ತಿಯ ಮೂರನೇ ಹಂತದವು. ಗುಹೆಗಳನ್ನು ಬರೆದದ್ದು ನಿಧಿ ಬಚ್ಚಿಡುವುದಕ್ಕೆ. ಆದರೆ ನಕ್ಷೆ ನೋಡಿದ ಯಾರಾದರೂ ಕೇಳುವ ಮೊದಲ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ: ಇವನ್ನೆಲ್ಲ ತೋಡಿದ್ದು ಯಾರು?

ಆ ಉತ್ತರಕ್ಕಾಗಿ ಹುಟ್ಟಿದ್ದು ಮುರಗರಡಿ. ಅದು ಮೂರು ಕರಡುಗಳನ್ನು ದಾಟಿ ಬಂತು. ಮೊದಲ ಎರಡು ಏಕೆ ಬಿದ್ದುಹೋದವು ಎನ್ನುವುದರಲ್ಲೇ ಹೆಚ್ಚು ಕಲಿಯುವುದಿರುವುದರಿಂದ ಅವನ್ನೂ ಇಲ್ಲಿ ಪೂರ್ತಿ ಇಟ್ಟಿದೆ.

ಮೊದಲ ಕರಡು: ವೇಗದಲ್ಲಿ ಎಡವಿದ್ದು

ಈ ಆಟದ ಹಳೆಯ ಜೀವಿಗಳಲ್ಲಿ ಕೆಲವು ಹುಟ್ಟಿದ್ದೇ ಆಟಿಕೆಯಿಂದ. ಗೂಬೆಮುಖದ ಕರಡಿ, ಕಬ್ಬಿಣಕ್ಕೆ ತುಕ್ಕು ಹಿಡಿಸುವ ಜೀವಿ, ನೆಲ ಸೀಳಿಕೊಂಡು ಬರುವ ಬುಲೆಟ್ (Bulette) ಎಂಬ ಜೀವಿ, ಈ ಮೂರಕ್ಕೂ ಮಾದರಿ ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಬೊಂಬೆಗಳು. ಆಟವನ್ನು ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವನ್ನು ಮೇಜಿನ ಮೇಲೆ ಇಟ್ಟು ಆಡುತ್ತಿದ್ದರು. ಅಂದರೆ ಆಕಾರ ಮೊದಲು, ಬದುಕು ನಂತರ. ಎದುರಿಗೆ ಬಂದು ಹೋರಾಡಿ ಸಾಯುವ ರಾಕ್ಷಸನಿಗೆ ಅಷ್ಟು ಸಾಕು. ನೆಲದ ಮೇಲೆ ನೂರು ವರ್ಷ ಉಳಿಯುವ ಗುರುತು ಬಿಡಬೇಕಾದ ಕಾಡುಪ್ರಾಣಿಗೆ ಸಾಲದು.

ಮೊದಲ ಕರಡು ಅದೇ ಹಾದಿ ಹಿಡಿದಿತ್ತು. ದೊಡ್ಡ ಉಗುರು, ಗಟ್ಟಿ ಚರ್ಮ, ತೋಡುವ ವೇಗ ಒಂದು ಸುತ್ತಿಗೆ 30 ಅಡಿ. ಕಾಗದದ ಮೇಲೆ ಏನೂ ತೊಂದರೆಯಿಲ್ಲ. ಬುಲೆಟ್‌ನದು 40 ಅಡಿ ಇದೆಯಲ್ಲ. ಲೆಕ್ಕ ಹಾಕಿದಾಗ ಮಾತ್ರ ಎಡವಟ್ಟು ಕಾಣುತ್ತದೆ. ಆಟದ ಒಂದು ಸುತ್ತು ಎಂದರೆ 6 ಸೆಕೆಂಡು. 30 ಅಡಿ ಎಂದರೆ 9 ಮೀಟರ್. ಸುರಂಗದ ಅಗಲ 90 ಸೆಂಟಿಮೀಟರ್, ಎತ್ತರ 80 ಎಂದು ಇಟ್ಟುಕೊಂಡರೆ ಮೊಟ್ಟೆಯಾಕಾರದ ಅದರ ಅಡ್ಡಕೊಯ್ತ 0.565 ಚದರ ಮೀಟರ್. ಸೆಕೆಂಡಿಗೆ ಒಂದೂವರೆ ಮೀಟರ್ ಮುಂದೆ ಹೋದರೆ 0.85 ಘನ ಮೀಟರ್ ಕಲ್ಲು ಏಳಬೇಕು. ಘನ ಮೀಟರಿಗೆ 2 ಟನ್ ಹಿಡಿದರೆ ಸೆಕೆಂಡಿಗೆ 1.7 ಟನ್. ಆ ಮಣ್ಣೆಲ್ಲ ಹಿಂದಕ್ಕೆ ಎಲ್ಲಿಗೆ ಹೋಗುತ್ತದೆ? ಅಂಥ ಪ್ರಾಣಿ ಇರುವ ಸೀಮೆಯಲ್ಲಿ ಕೋಟೆಗೋಡೆಗೆ ಏನು ಅರ್ಥ?

ಈ ಎರಡನೇ ಪ್ರಶ್ನೆಯೇ ಹೆಚ್ಚು ಮುಖ್ಯ. ಕಾಲ್ಪನಿಕ ಪ್ರಾಣಿಗೆ ಕೊಟ್ಟ ಒಂದು ಅಂಕಿ ಆ ಲೋಕದ ಮನೆ, ಹೊಲ, ಯುದ್ಧ ಎಲ್ಲದರ ಮೇಲೂ ಪರಿಣಾಮ ಬೀರುತ್ತದೆ. ಸುತ್ತಿಗೆ 30 ಅಡಿ ಕಲ್ಲು ತೋಡುವ ಕಾಡುಪ್ರಾಣಿಯಿದ್ದರೆ ಹಳ್ಳಿಯವರು ಅದನ್ನು ಎಂದೋ ಪಳಗಿಸಿ ಬಾವಿ, ಕಾಲುವೆ, ನೆಲಮಾಳಿಗೆ ಎಲ್ಲವನ್ನೂ ಅದರಿಂದಲೇ ತೋಡಿಸಿಕೊಂಡಿರುತ್ತಿದ್ದರು. ಕರಡು ಅಲ್ಲಿಗೇ ಬಿತ್ತು.

ನೆಲದಿಂದ ಶುರು

ಎರಡನೇ ಸಲ ಪ್ರಾಣಿಯನ್ನು ಬದಿಗಿಟ್ಟು ನೆಲವನ್ನು ಓದಲಾಯಿತು. ಇದೇ ಸರಿಯಾದ ಕ್ರಮ.

ಮುರಕಲ್ಲಿಗೆ ಒಂದು ವಿಚಿತ್ರ ಗುಣವಿದೆ. ನೆಲದೊಳಗೆ ಹಸಿಯಾಗಿರುವಾಗ ಕಬ್ಬಿಣದ ಹಾರೆಯಿಂದ ಇಟ್ಟಿಗೆಯಾಕಾರಕ್ಕೆ ಕಡಿಯಬಹುದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲಿಗೆ ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟಿದ್ದು ಇದೇ ಕಾರಣಕ್ಕೆ. ಲ್ಯಾಟಿನ್ನಿನಲ್ಲಿ ಅದರ ಮೂಲಪದಕ್ಕೆ ಇಟ್ಟಿಗೆ ಎಂದೇ ಅರ್ಥ. ನಮ್ಮ ಜಂಬಿಟ್ಟಿಗೆಯೊಳಗೂ ಇಟ್ಟಿಗೆ ಇದೆ.

ಆಟಕ್ಕೆ ಇದರಿಂದ ಏನು ಸಿಕ್ಕಿತು ನೋಡಿ. ಪ್ರಾಣಿ ತೋಡುವುದು ಮೆತ್ತಗಿನ ಕಲ್ಲನ್ನು, ಅದು ಬಿಟ್ಟುಹೋಗುವುದು ಗಟ್ಟಿ ಗೋಡೆಯನ್ನು. ಹಾಗಾಗಿ ನಿಧಾನವಾಗಿ ತೋಡಿದರೂ ಸಾಕು, ತೋಡಿದ್ದು ತಲೆಮಾರುಗಟ್ಟಲೆ ಉಳಿಯುತ್ತದೆ. ವೇಗದ ಅಗತ್ಯವೇ ಇಲ್ಲವಾಯಿತು.

ಗಟ್ಟಿ ಪದರದ ಕೆಳಗೆ ಚುಕ್ಕೆಚುಕ್ಕೆಯ ಮೆದುಗಲ್ಲು, ಅದರ ಕೆಳಗೆ ದಕ್ಷಿಣ ಕನ್ನಡದವರು ಶೇಡಿ ಎನ್ನುವ ಬಿಳಿ, ಹಳದಿ, ನಸುಗೆಂಪು ಬಣ್ಣದ ಜೇಡಿ. ಮೇಲಿನ ಮುರಕಲ್ಲು ತೂತುತೂತು, ನೀರು ಇಳಿಯುತ್ತದೆ. ಶೇಡಿಯಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಹಾಗಾಗಿ ಎರಡೂ ಕೂಡುವ ಗೆರೆಯಲ್ಲಿ ನೀರು ಅಡ್ಡಕ್ಕೆ ಹರಿಯುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಳಲ್ಲಿ ಜನ ಅಡ್ಡ ಸುರಂಗ ಕೊರೆದು ತೋಟಕ್ಕೆ ನೀರು ತರುವುದು ಇಂಥ ನೀರನ್ನೇ. ಒಣಗಿದ ಶೇಡಿ ಗಟ್ಟಿಯಾಗಿ ನಿಲ್ಲುತ್ತದೆ, ನೀರು ಕುಡಿದ ಶೇಡಿ ಬಲ ಕಳೆದುಕೊಂಡು ಕುಸಿಯುತ್ತದೆ. ಕಥೆಗೆ ಬೇಕಾದ ಅಪಾಯವೂ ವರವೂ ಒಂದೇ ಪದರದಲ್ಲಿ ಸಿಕ್ಕವು.

ಇನ್ನು ಕಾರಣ. ಒಂದು ಪ್ರಾಣಿ ಇಷ್ಟು ಕಷ್ಟಪಟ್ಟು ಕಲ್ಲು ಏಕೆ ಕೆರೆಯಬೇಕು? ಬರೀ ವಾಸಕ್ಕೆ ಎಂದರೆ ಉತ್ತರ ಸಪ್ಪೆ. ಕೀನ್ಯಾದ ಎಲ್ಗಾನ್ ಬೆಟ್ಟದ ಕಿಟುಮ್ ಗುಹೆಯಲ್ಲಿ ಆನೆಗಳು ಉಪ್ಪಿಗಾಗಿ ದಂತದಿಂದ ಬಂಡೆ ಕೆತ್ತುತ್ತವೆ. ಅಮೆಜಾನ್ ಕಾಡಿನ ಗಿಳಿಗಳು ನದಿದಂಡೆಯ ಜೇಡಿ ತಿನ್ನುತ್ತವೆ. ಅವು ತಿನ್ನುವ ಬೀಜಗಳ ವಿಷವನ್ನು ಜೇಡಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಮುರಗರಡಿಗೆ ಈ ಎರಡನ್ನೂ ಹೊಂದಿಸಲಾಯಿತು. ಅದರ ಆಹಾರ ಕಾಡುಗೆಣಸು, ಕೆಸುವಿನ ಗಡ್ಡೆ. ಕೆಸು ತುರಿಸುತ್ತದೆ, ಕೆಲವು ಕಾಡುಗೆಣಸು ವಿಷ. ಮನುಷ್ಯರು ಅಂಥ ಗೆಣಸನ್ನು ಹೋಳು ಮಾಡಿ ಹರಿಯುವ ನೀರಿನಲ್ಲಿ ನೆನೆಸಿ, ಬೇಯಿಸಿ ತಿನ್ನುತ್ತಾರೆ. ಬೇಯಿಸಲು ಬಾರದ ಪ್ರಾಣಿ ಶೇಡಿ ತಿನ್ನುತ್ತದೆ, ದಿನಕ್ಕೆ 300 ಗ್ರಾಂ. ಶೇಡಿಗಾಗಿ ಮುರಕಲ್ಲು ಕೊರೆಯುತ್ತದೆ. ಬೇರೆ ಯಾವ ಪ್ರಾಣಿಯೂ ಮುಟ್ಟದ ಗಡ್ಡೆ ಅದಕ್ಕೆ ಸಿಗುತ್ತದೆ, ಬೇರೆ ಯಾರೂ ತೋಡದ ಬಿಲ ಆ ನಾಡಿಗೆ ಸಿಗುತ್ತದೆ. ಆಹಾರ, ವಾಸ, ನಕ್ಷೆ ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಂಡ ಮೇಲೆ ಉಳಿದದ್ದು ಬಹುಮಟ್ಟಿಗೆ ಲೆಕ್ಕದ ಕೆಲಸ.

ದೇಹ

ಬಿಲ ತೋಡುವ ಇಂದಿನ ಪ್ರಾಣಿಗಳು ಹೆಚ್ಚಾಗಿ ಚಿಕ್ಕವು. ಆಫ್ರಿಕದ ಆರ್ಡ್‌ವಾರ್ಕ್ 40ರಿಂದ 80 ಕಿಲೋ, ಆಸ್ಟ್ರೇಲಿಯದ ವೊಂಬ್ಯಾಟ್ 20ರಿಂದ 35. ಆದರೆ ಬ್ರೆಜಿಲ್‌ನಲ್ಲಿ ನೂರಾರು ಮೀಟರ್ ಉದ್ದದ ಹಳೆಯ ಬಿಲಗಳಿವೆ, ಗೋಡೆಯ ಮೇಲೆ ಉಗುರಿನ ಗೀರು ಈಗಲೂ ಎದ್ದು ಕಾಣುತ್ತದೆ. ಅವನ್ನು ತೋಡಿದ್ದು ಮರದಲ್ಲಿ ಜೋತು ಬದುಕುವ ಇಂದಿನ ಸ್ಲಾತ್ ಪ್ರಾಣಿಯ ಬಳಗದ, ಅಳಿದುಹೋದ ನೆಲವಾಸಿ ದೈತ್ಯ ಸ್ಲಾತ್‌ಗಳು ಎಂಬುದು ಸಂಶೋಧಕರ ಅಭಿಪ್ರಾಯ. ಹಾಗಾಗಿ ದೊಡ್ಡ ಮೈಯೂ ಅಸಾಧ್ಯವಲ್ಲ. ಮುರಗರಡಿಗೆ 240 ಕಿಲೋ ತೂಕ, ಮೂಗಿನಿಂದ ಬಾಲದ ಬುಡಕ್ಕೆ 2.2 ಮೀಟರ್ ಉದ್ದ, ಭುಜದ ಅಗಲ 70 ಸೆಂಟಿಮೀಟರ್ ಎಂದು ನಿಶ್ಚಯವಾಯಿತು. ಚರ್ಮದೊಳಗೆ ಬಟಾಣಿ ಗಾತ್ರದ ಎಲುಬಿನ ಹರಳುಗಳು, ಮೈಲೋಡಾನ್ ಎಂಬ ಅಳಿದ ಸ್ಲಾತ್‌ಗೆ ಇದ್ದ ಹಾಗೆ. ಮುಂಗೈ ಗಿಡ್ಡ, ಮೊಣಕೈಯ ಹಿಂದಿನ ಎಲುಬು ಉದ್ದ. ಉಗುರಿನಿಂದ ತೋಡುವ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಹೀಗೇ. ಸನ್ನೆಕೋಲಿನ ಉದ್ದನೆಯ ಹಿಡಿ ಅದು. ಅದಕ್ಕೆ ತೆರುವ ಬೆಲೆ ಓಟ. ನಡಿಗೆ 25 ಅಡಿ, ಐದು ಸುತ್ತಿಗಿಂತ ಹೆಚ್ಚು ಓಡಲಾರದು.

ಮುಂಗಾಲಿನ ನಡುವಿನ ಉಗುರು 18 ಸೆಂಟಿಮೀಟರ್. ಅಂಥ ಉಗುರನ್ನು ನೆಲಕ್ಕೆ ಊರಿ ನಡೆದರೆ ಸವೆದುಹೋಗುತ್ತದೆ. ದೈತ್ಯ ಇರುವೆಬಾಕ ಉಗುರನ್ನು ಒಳಕ್ಕೆ ಮಡಚಿ ಗೆಣ್ಣಿನ ಮೇಲೆ ಊರುತ್ತದೆ, ಇದೂ ಹಾಗೆಯೇ. ಆದ್ದರಿಂದ ಕೆಸರಿನಲ್ಲಿ ಮುರಗರಡಿಯ ಮುಂಗಾಲ ಹೆಜ್ಜೆ ನೋಡಿದರೆ ಯಾರೋ ದೊಡ್ಡ ಆಳು ಮುಷ್ಟಿ ಕಟ್ಟಿ ನೆಲಕ್ಕೆ ಗುದ್ದಿದಂತಿರುತ್ತದೆ. ನಾಲ್ಕು ಗೆಣ್ಣಿನ ಗುಳಿ, ಉಗುರಿನ ಗುರುತೇ ಇಲ್ಲ. ಹಿಂಗಾಲಿನದು ಮಾತ್ರ ಕರಡಿಯ ಅಂಗಾಲಿನಂತೆ. ಹೆಸರು ಬಂದದ್ದು ಆ ಹಿಂಗಾಲಿನಿಂದ. ಅದು ಕರಡಿ ಅಲ್ಲವೇ ಅಲ್ಲ. ಮುಳ್ಳುಹಂದಿ ಹಂದಿಯೇ, ನೀರುನಾಯಿ ನಾಯಿಯೇ? ಹಳ್ಳಿಯವರು ಕಂಡದ್ದಕ್ಕೆ ಹತ್ತಿರದ ಹೆಸರಿಡುತ್ತಾರೆ, ಆಟದ ಹಳ್ಳಿಯವರೂ ಹಾಗೆ ಮಾಡಲಿ.

ಹೊಟ್ಟೆಯ ಲೆಕ್ಕ ಹೀಗೆ. ಸಸ್ತನಿಯ ವಿಶ್ರಾಂತಿ ಸ್ಥಿತಿಯ ಶಕ್ತಿವೆಚ್ಚ ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿರುತ್ತದೆ. ಸೂತ್ರ: ತೂಕದ 0.75 ಘಾತವನ್ನು 70ರಿಂದ ಗುಣಿಸಿದರೆ ದಿನದ ಕಿಲೋಕ್ಯಾಲರಿ. 240 ಕಿಲೋಗೆ ಸುಮಾರು 4,270. ಚಿಪ್ಪುಹಂದಿ, ಆರ್ಮಡಿಲೋ, ಸ್ಲಾತ್‌ಗಳಲ್ಲಿ ಈ ವೆಚ್ಚ ಸೂತ್ರಕ್ಕಿಂತ ಬಹಳ ಕಡಿಮೆ. ಮುಚ್ಚಿದ ಬಿಲದಲ್ಲಿ ಮೈ ಕಾಯದಿರಲು ಅದು ಬೇಕೂ ಹೌದು. ಅರ್ಧ ಎಂದು ಹಿಡಿದರೆ 2,135. ಓಡಾಟ, ತೋಡಾಟ ಸೇರಿ ಎರಡೂವರೆ ಪಟ್ಟು ಮಾಡಿದರೆ 5,300. ಗಡ್ಡೆಯಲ್ಲಿ ಕಿಲೋಗೆ 700 ಕಿಲೋಕ್ಯಾಲರಿ ದಕ್ಕುತ್ತದೆ ಎಂದುಕೊಂಡರೆ ದಿನಕ್ಕೆ ಸುಮಾರು 8 ಕಿಲೋ ಆಹಾರ. ವರ್ಷಕ್ಕೆ 2,920 ಕಿಲೋ.

ಎರಡನೇ ಕರಡು: ಬೆಲೆ ಕಟ್ಟಿ ಕೆಡಿಸಿದ್ದು

ದೇಹ ಸರಿಯಾಯಿತು, ಆದರೆ ಎರಡನೇ ಕರಡಿನಲ್ಲಿ ಬೇರೆ ತಪ್ಪಿತ್ತು. ಹರಳು ತುಂಬಿದ ಚರ್ಮಕ್ಕೆ 50 ಚಿನ್ನದ ನಾಣ್ಯ ಎಂದು ಬರೆದದ್ದು. ಮೂರನೇ ಹಂತದ ಆಟಗಾರರಿಗೆ ಅದು ಸಣ್ಣ ಮೊತ್ತವಲ್ಲ.

ಸೀಮೆಯಲ್ಲಿ ಎಷ್ಟು ಮುರಗರಡಿ ಇರಬಹುದು? ಒಂದು ಹೆಕ್ಟೇರು ಕಾಡು ವರ್ಷಕ್ಕೆ 15 ಕಿಲೋ ಗಡ್ಡೆಯನ್ನು ಬುಡ ಕೆಡದಂತೆ ಕೊಡುತ್ತದೆ ಎಂಬುದು ಇಲ್ಲಿ ಇಟ್ಟುಕೊಂಡ ಅಳತೆ. ಹಾಗಾದರೆ ಒಂದಕ್ಕೆ ಸುಮಾರು 195 ಹೆಕ್ಟೇರು, ಅಂದರೆ ಹತ್ತಿರಹತ್ತಿರ 2 ಚದರ ಕಿಲೋಮೀಟರ್. ಸೀಮೆಯ ಅರ್ಧ, 100 ಚದರ ಕಿಲೋಮೀಟರ್, ಅದಕ್ಕೆ ಒಗ್ಗುವ ನೆಲ. ಒಟ್ಟು 50 ಪ್ರಾಣಿ.

ಐವತ್ತರಲ್ಲಿ ಹೆಣ್ಣು 25, ಮರಿ ಹಾಕುವ ವಯಸ್ಸಿನವು 15. ಮೂರು ವರ್ಷಕ್ಕೊಂದು ಮರಿ, ಅಂದರೆ ವರ್ಷಕ್ಕೆ 5. ಅರ್ಧಕ್ಕರ್ಧ ಸೀಳುನಾಯಿ, ಹೆಬ್ಬಾವಿಗೆ ಹೋಗುತ್ತವೆ; ಉಳಿಯುವುದು ಎರಡೂವರೆ. ಕರಡಿನಲ್ಲಿ ಇಲ್ಲಿಗೇ ನಿಲ್ಲಿಸಿ 'ವರ್ಷಕ್ಕೆ ಎರಡನ್ನು ಬೇಟೆಯಾಡಬಹುದು' ಎಂದು ಬರೆದಿತ್ತು. ಅದು ತಪ್ಪು. ಮುವ್ವತ್ತು ವರ್ಷದ ಆಯುಸ್ಸಿನ 50 ಪ್ರಾಣಿಗಳಲ್ಲಿ ವರ್ಷಕ್ಕೆ ಸರಾಸರಿ 1.7 ತಾವಾಗಿಯೇ ಸಾಯುತ್ತವೆ. ಅದನ್ನು ಕಳೆದರೆ ಉಳಿಯುವ ಹೆಚ್ಚಳ 0.8. ವರ್ಷಕ್ಕೆ ಒಂದನ್ನು ಕೊಂದರೂ ಸಂತತಿ ಇಳಿಮುಖ. ತಿಂಗಳಿಗೆ ಮೂರು ಚರ್ಮ ತರುವ ಗುಂಪಿದ್ದರೆ ಒಂದೂವರೆ ವರ್ಷದಲ್ಲಿ ಮುರನಾಡಿನಲ್ಲಿ ಒಂದೂ ಉಳಿಯದು.

ಆಟಗಾರರು ಹಾಗೆ ಮಾಡುವುದಿಲ್ಲ ಎಂದು ನಂಬಿ ಕೂರುವಂತಿಲ್ಲ. 1997ರಲ್ಲಿ ಬಂದ, ಸಾವಿರಾರು ಜನ ಒಟ್ಟಿಗೆ ಆಡುವ ಕಂಪ್ಯೂಟರ್ ಆಟ ಅಲ್ಟಿಮಾ ಆನ್‌ಲೈನ್‌ನಲ್ಲಿ ಸಸ್ಯಾಹಾರಿ, ಮಾಂಸಾಹಾರಿ ಪ್ರಾಣಿಗಳು ಒಂದನ್ನೊಂದು ಆಧರಿಸಿ ಬದುಕುವ ವ್ಯವಸ್ಥೆಯನ್ನೇ ಕಟ್ಟಿದ್ದರು. ಆಟಗಾರರು ಒಳಗೆ ಬಂದದ್ದೇ ತಡ, ಕಂಡದ್ದನ್ನೆಲ್ಲ ಕೊಂದರು. ಪ್ರಾಣಿ ಹುಟ್ಟುವ ವೇಗಕ್ಕಿಂತ ಸಾಯುವ ವೇಗ ಹೆಚ್ಚಾಗಿ ಆ ಜೀವಜಾಲವನ್ನು ಯಾರೂ ಕಾಣಲೇ ಇಲ್ಲ, ಕೊನೆಗೆ ಅದನ್ನು ತೆಗೆಯಬೇಕಾಯಿತು. ಅಷ್ಟು ಶ್ರಮದ ಕೆಲಸ ಹಾಗೆ ಹೋದದ್ದು ನಿಜಕ್ಕೂ ನೋವಿನ ಸಂಗತಿ.

ಪರಿಹಾರವಾಗಿ ಬೇಟೆ ನಿಷೇಧ, ಶಾಪ, ದೇವರ ಕೋಪ ಯಾವುದನ್ನೂ ತರಲಿಲ್ಲ. ಬೆಲೆಯನ್ನು ಸತ್ತ ಪ್ರಾಣಿಯಿಂದ ತೆಗೆದು ಬದುಕಿರುವ ಪ್ರಾಣಿಗೆ ಕಟ್ಟಲಾಯಿತು. ಹರಳಿನ ಚರ್ಮ ಹದಕ್ಕೆ ಬರುವುದಿಲ್ಲ, ಸೂಜಿ ಇಳಿಯುವುದಿಲ್ಲ; ಬೆಲೆ 2 ಬೆಳ್ಳಿ. ಮಾಂಸ ಕಹಿ, ವಿಷದ ಗಡ್ಡೆ ತಿಂದ ಮೈ. ಆದರೆ ಅದು ಬಿಟ್ಟುಹೋದ ಸುರಂಗ ಮುರಕಲ್ಲು-ಶೇಡಿಯ ಗೆರೆ ಮುಟ್ಟಿದ್ದರೆ ಅದರ ಬಾಯಲ್ಲಿ ಬೇಸಿಗೆಯಲ್ಲೂ ನೀರು ಜಿನುಗುತ್ತದೆ. ತಪ್ಪಲಿನ ಅಡಿಕೆ ತೋಟ ನಿಂತಿರುವುದು ಆ ನೀರಿನ ಮೇಲೆ. ಅದೇ ಪ್ರಾಣಿ ರಾತ್ರಿ ಬಂದು ಸುವರ್ಣಗಡ್ಡೆಯ ಪಾತಿ ಬಗೆಯುತ್ತದೆ, ಕೊಟ್ಟಿಗೆಯ ಅಡಿಗೇ ಬಿಲ ತಂದು ಮಳೆಗಾಲದಲ್ಲಿ ಗೋಡೆ ಕುಸಿಸುತ್ತದೆ. ಹಳ್ಳಿ ಎರಡು ಪಂಗಡವಾಗಲು ಇಷ್ಟು ಸಾಕು, ಮೇಲಿನ ತೋಟದವರು ಮತ್ತು ಕೆಳಗಿನ ತೋಟದವರು. ಆಟಗಾರರನ್ನು ಕರೆಸುವವರು ಮೇಲಿನವರು. ಅದನ್ನು ಕೊಂದರೆ ಬಾಯಿ ಒಣಗುವುದು ಕೆಳಗಿನವರದು, ಅದೂ ಎರಡು ಬೇಸಿಗೆ ಕಳೆದ ಮೇಲೆ.

ಮೂರನೇ ಕರಡು: ಆಟದ ಅಂಕಿಗಳು

ತೋಡುವ ವೇಗವನ್ನು ಈಗ ನೆಲದಿಂದಲೇ ತೆಗೆಯಬಹುದಿತ್ತು. ರಾತ್ರಿ ಎಂಟು ಗಂಟೆಯಲ್ಲಿ 40 ಸೆಂಟಿಮೀಟರ್. ಅದು ಸುಮಾರು 450 ಕಿಲೋ ಮಣ್ಣು, ನಿಮಿಷಕ್ಕೆ ಹತ್ತಿರಹತ್ತಿರ ಒಂದು ಕಿಲೋ. 240 ಕಿಲೋದ ಪ್ರಾಣಿಗೆ ಹೊಂದುವ ಅಳತೆ. ವರ್ಷದಲ್ಲಿ ತೋಡುವುದು 25 ರಾತ್ರಿ ಮಾತ್ರ, ಹಳೆಯ ಬಾಯಲ್ಲಿ ಶೇಡಿ ಮುಗಿದಾಗ. ಅಲ್ಲಿಗೆ ವರ್ಷಕ್ಕೆ 10 ಮೀಟರ್, ಹೊರಗೆ ಬೀಳುವ ಸಡಿಲ ಮಣ್ಣು ಒಂದು ಟಿಪ್ಪರ್ ಲೋಡಿನಷ್ಟು. ನಕ್ಷೆಯ 600 ಮೀಟರ್ ಬಿಲಕ್ಕೆ ಒಂದೇ ಪ್ರಾಣಿಯಾದರೆ 60 ವರ್ಷ. ತಾಯಿ, ಆಮೇಲೆ ಮಗಳು. ಆಟ ನಡೆಸುವವರಿಗೆ ಇದೊಂದು ಕೈಗೆಟುಕುವ ಸೂತ್ರ: ಯಾವುದೇ ಬಿಲದ ಮೀಟರ್ ಉದ್ದವನ್ನು ಹತ್ತರಿಂದ ಭಾಗಿಸಿದರೆ ಅದರ ವಯಸ್ಸು.

ಹೋರಾಟದ ಸುತ್ತಿನಲ್ಲಿ ಇದರ ತೋಡುವ ವೇಗ ಮುರಕಲ್ಲಿನಲ್ಲಿ ಸೊನ್ನೆ. ಸಡಿಲ ಮಣ್ಣಿನಲ್ಲಿ 5 ಅಡಿ. ಈ ಸೊನ್ನೆಯನ್ನು ಬರೆಯಲು ಧೈರ್ಯ ಬೇಕು. ತೋಡುವುದಕ್ಕೇ ಹೆಸರಾದ ಪ್ರಾಣಿಗೆ ತೋಡುವ ವೇಗವಿಲ್ಲ ಎನ್ನುವುದು ಮೊದಲು ಕೊರತೆಯಂತೆ ಕಾಣುತ್ತದೆ, ಆದರೆ ಇಡೀ ಪ್ರಾಣಿ ನಿಂತಿರುವುದು ಅದರ ಮೇಲೆಯೇ.

ಕೆಳಗಿನ ಪಟ್ಟಿಯಲ್ಲಿ ರಕ್ಷಣೆ ಎಂದರೆ ಏಟು ತಗುಲಲು ದಾಳದ ಮೊತ್ತ ಮುಟ್ಟಬೇಕಾದ ಅಂಕಿ, ಜೀವಾಂಕ ಎಂದರೆ ಬೀಳುವ ಮುಂಚೆ ತಾಳುವ ಪೆಟ್ಟು, 9ಡಿ10 ಎಂದರೆ ಹತ್ತು ಮುಖದ ಒಂಬತ್ತು ದಾಳ, +7 ಎಂದರೆ ದಾಳಕ್ಕೆ ಕೂಡಿಸುವ ಅಂಕಿ, ಸವಾಲಿನ ಮಟ್ಟ ಎಂದರೆ ಎದುರಾಳಿ ಎಷ್ಟು ಕಠಿಣ ಎಂಬ ಅಳತೆ, ಅನುಭವಾಂಕ ಎಂದರೆ ಗೆದ್ದವರಿಗೆ ಸಿಗುವ ಅಂಕ.

ಮುರಗರಡಿ, ದೊಡ್ಡ ಗಾತ್ರದ ಮೃಗ
ರಕ್ಷಣೆ 14, ಜೀವಾಂಕ 94 (9ಡಿ10+45), ನಡಿಗೆ 25 ಅಡಿ
ಬಲ 20, ಚುರುಕು 8, ದೇಹದಾರ್ಢ್ಯ 20, ಬುದ್ಧಿ 2, ವಿವೇಕ 12, ವರ್ಚಸ್ಸು 5
ಗ್ರಹಿಕೆ +3, ಮೂಸಿ ಅಥವಾ ಕೇಳಿ ಪತ್ತೆ ಹಚ್ಚುವಾಗ ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿಯಬೇಕು
ಒಂದು ಸುತ್ತಿಗೆ ಎರಡು ಉಗುರೇಟು. ಪ್ರತಿಯೊಂದಕ್ಕೂ +7, ತಗುಲಿದರೆ 12 (2ಡಿ6+5) ಪೆಟ್ಟು
ಸವಾಲಿನ ಮಟ್ಟ 3, ಅನುಭವಾಂಕ 700

ಸವಾಲಿನ ಮಟ್ಟ ಬಂದದ್ದು ಹೀಗೆ: 94 ಜೀವಾಂಕ ಆಟದ ನಿಯಮಪುಸ್ತಕದ ಕೋಷ್ಟಕದಲ್ಲಿ 86–100ರ ಅಂತರದಲ್ಲಿದೆ, ಅದು ಮಟ್ಟ 2. ರಕ್ಷಣೆ ಆ ಮಟ್ಟದ 13ಕ್ಕಿಂತ ಒಂದೇ ಹೆಚ್ಚು, ತಿದ್ದುಪಡಿ ಬೇಡ. ಪೆಟ್ಟು ಸುತ್ತಿಗೆ 24, ಅದು ಮಟ್ಟ 3. ಆದರೆ ಏಟಿನ ಬೋನಸ್ಸು ಅಲ್ಲಿನ +4ಕ್ಕಿಂತ ಮೂರು ಹೆಚ್ಚಾದ್ದರಿಂದ ಒಂದು ಮೆಟ್ಟಿಲು ಮೇಲೆ, 4. ಎರಡೂ ಕಡೆಯ ಸರಾಸರಿ 3. ಮೂರನೇ ಹಂತದ ನಾಲ್ವರಿಗೆ ಎದುರಾಳಿಯ ಅನುಭವಾಂಕ 600ರಿಂದ ಮಧ್ಯಮ, 900ರಿಂದ ಕಠಿಣ, 1,600ರಿಂದ ಪ್ರಾಣಾಂತಿಕ. ಒಂದು ಮುರಗರಡಿ 700, ಮಧ್ಯಮ. ಎರಡು ಒಟ್ಟಿಗೆ ಬಂದರೆ 1,400ಕ್ಕೆ ಒಂದೂವರೆ ಪಟ್ಟು, 2,100, ಪ್ರಾಣಾಂತಿಕ. ಆದರೆ ಎರಡು ದೊಡ್ಡವು ಒಟ್ಟಿಗಿರುವುದು ಜೋಡಿಯಾಗುವ ಹತ್ತು ದಿನ ಮಾತ್ರ. ಆ ಹತ್ತು ದಿನ ಯಾವಾಗ ಎಂದು ಹಳ್ಳಿಯ ಮುದುಕಿಯರಿಗೆ ಗೊತ್ತಿರಲಿ.

ಓಡಿಹೋಗುವ ನಿಯಮವನ್ನು ಬಿಟ್ಟರೆ ಈ ಅಂಕಿಗಳೆಲ್ಲ ದಿಕ್ಕು ತಪ್ಪಿಸುತ್ತವೆ. ಕಾಡುಪ್ರಾಣಿ ಸಾಯುವವರೆಗೆ ಹೋರಾಡುವುದಿಲ್ಲ. ಜೀವಾಂಕ 47ಕ್ಕೆ ಇಳಿದ ಕೂಡಲೇ ಇದು ಬಿಲಕ್ಕೆ ತಿರುಗುತ್ತದೆ. ಆಟಗಾರ ಒಬ್ಬೊಬ್ಬರ ಏಟು ಸರಾಸರಿ 9, ತಗುಲುವ ಸಾಧ್ಯತೆ ಶೇ. 60 ಎಂದರೆ ನಾಲ್ವರಿಂದ ಸುತ್ತಿಗೆ 21.6. ಅರ್ಧ ಜೀವಾಂಕಕ್ಕೆ ಎರಡು ಸುತ್ತು ಸ್ವಲ್ಪ ಮೇಲೆ. ಅಷ್ಟರಲ್ಲಿ ರಕ್ಷಣೆ 15 ಇರುವವರಿಗೆ ಅದು ಕೊಡುವುದು ಸುತ್ತಿಗೆ ಸರಾಸರಿ 15.6ರಂತೆ ಮುವ್ವತ್ತು ಚಿಲ್ಲರೆ ಪೆಟ್ಟು: ಒಬ್ಬ ಯೋಧ ಬೀಳುವಷ್ಟು. ಮರಿಯ ಜೊತೆಗಿದ್ದ ತಾಯಿ ಹಿಂದೆ ಸರಿಯುವುದಿಲ್ಲ. ಆಗ ನಾಲ್ಕೂವರೆ ಸುತ್ತು, ಸುಮಾರು 70 ಪೆಟ್ಟು, ಇಬ್ಬರು ನೆಲಕ್ಕೆ. ಅಂಕಪಟ್ಟಿ ಅದೇ, ಪ್ರಾಣಿ ಬೇರೆಯೇ ಆಗುತ್ತದೆ.

ಆದ್ದರಿಂದ ಎಚ್ಚರಿಕೆಯ ಮೆಟ್ಟಿಲುಗಳನ್ನು ತಪ್ಪದೆ ತೋರಿಸಬೇಕು. 60 ಅಡಿಯಲ್ಲಿ ಬಾಲ ಊರಿ ಹಿಂಗಾಲ ಮೇಲೆ ಎದ್ದು ಗಾಳಿ ಮೂಸುತ್ತದೆ. 30 ಅಡಿಯಲ್ಲಿ ಮೂಗಿನಿಂದ ತಿದಿ ಒತ್ತಿದಂಥ ಉಸಿರು, ಮಡಚಿದ ಉಗುರು ಬಿಚ್ಚಿಕೊಳ್ಳುತ್ತದೆ. 15 ಅಡಿಯೊಳಗೆ ಬಂದರೆ ಮಾತ್ರ ಏಟು. ಮೊದಲೆರಡು ಮೆಟ್ಟಿಲಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟವರನ್ನು ಅದು ಅಟ್ಟಿಸಿಕೊಂಡು ಬರುವುದಿಲ್ಲ.

ಬಿಲದೊಳಗೆ ಲೆಕ್ಕ ತಿರುಗುಮುರುಗು. 90ಕ್ಕೆ 80 ಸೆಂಟಿಮೀಟರ್ ದಾರಿಯಲ್ಲಿ ಮನುಷ್ಯ ತೆವಳಬೇಕು. ಆಟದ ನಿಯಮದಂತೆ ನೆಲಕ್ಕೆ ಬಿದ್ದವನ ಸ್ಥಿತಿ ಅವನದು, ಒಬ್ಬನ ಹಿಂದೆ ಒಬ್ಬ, ಉದ್ದಗತ್ತಿ ಬೀಸಲು ಜಾಗವಿಲ್ಲ. ಮುರಗರಡಿ ಅಲ್ಲಿ ವೊಂಬ್ಯಾಟ್ ಮಾಡುವಂತೆ ಬೆನ್ನು ತಿರುಗಿಸಿ ಹಿಂಭಾಗದಿಂದ ದಾರಿ ಮುಚ್ಚುತ್ತದೆ. ಹರಳುಗಳು ಅಲ್ಲಿಯೇ ದಟ್ಟ, ರಕ್ಷಣೆ 18. ಅದು ತಿರುಗಿ ಹೊಡೆಯುವುದಿಲ್ಲ, ಅಲ್ಲಾಡುವುದೂ ಇಲ್ಲ. ಆಟಗಾರರಿಗೆ ಆಗ ಎದುರಿರುವುದು ಪ್ರಾಣಿಯಲ್ಲ, ಬಾಗಿಲು. ಹೊಗೆ ಹಾಕುವುದು, ಇನ್ನೊಂದು ಬಾಯಿ ಹುಡುಕುವುದು, ಕಾಯುವುದು, ಗೆಣಸಿನ ಆಸೆ ತೋರಿಸುವುದು, ಏನು ಬೇಕಾದರೂ ಮಾಡಲಿ.

ಗುರುತು ಓದುವುದು

ಈ ಪ್ರಾಣಿಯ ಅತ್ಯುತ್ತಮ ಭಾಗ ಅದು ಇಲ್ಲದಿರುವಾಗ ಸಿಗುವಂಥದು. ಗೋಡೆಯ ಮೇಲೆ ಮೂರು ಸಾಲು ಗೀರು. ಮೂರು ದಿನದೊಳಗಿನದಾದರೆ ಒದ್ದೆ, ಹಳದಿ-ಕೆಂಪು ಚುಕ್ಕೆ, ಹೆಬ್ಬೆರಳಿನ ಉಗುರು ಒತ್ತಿದರೆ ಗುಳಿ ಬೀಳುತ್ತದೆ. ವರ್ಷ ದಾಟಿದ್ದರೆ ಕಂದು, ಕತ್ತಿಯ ಹಿಡಿಯಿಂದ ತಟ್ಟಿದರೆ ಠಣ್ಣೆನ್ನುತ್ತದೆ. ಬದುಕುಳಿಯುವ ಕೌಶಲದ 12ರ ಪರೀಕ್ಷೆ (ದಾಳಕ್ಕೆ ಕೌಶಲದ ಅಂಕಿ ಕೂಡಿಸಿ 12 ಮುಟ್ಟುವುದು) ಗೆದ್ದರೆ ವಯಸ್ಸು ತಿಳಿಯುತ್ತದೆ. ಕಲ್ಲು ಕಡಿಯುವ ಕಸುಬಿನವನಿಗೆ ಪರೀಕ್ಷೆಯೇ ಬೇಡ. ಸಗಣಿ ಬಿಳಿ, ಒಣಗಿದರೆ ಸುಣ್ಣದ ಉಂಡೆಯಂತೆ, ಒಡೆದರೆ ಒಳಗೆ ನಾರು. ಶಬ್ದ ಇನ್ನೂ ಒಳ್ಳೆಯ ಸುಳಿವು: ಎರಡು ಸುತ್ತು ಗರಗರ ಕೆರೆತ, ಒಂದು ಸುತ್ತು ನಿಶ್ಶಬ್ದ. ತನ್ನದೇ ಸದ್ದಿನಲ್ಲಿ ಅದಕ್ಕೆ ಬೇರೆಯದು ಕೇಳದು, ಅದಕ್ಕೇ ನಿಲ್ಲಿಸಿ ಗದ್ದವನ್ನು ನೆಲಕ್ಕೊತ್ತಿ ಆಲಿಸುತ್ತದೆ. ಕೆರೆತದ ನಡುವೆ ನಡೆದವರು ದಾಟಿಹೋಗುತ್ತಾರೆ. ನಿಶ್ಶಬ್ದದಲ್ಲಿ ಕಾಲಿಟ್ಟವರು ಸಿಕ್ಕಿಬೀಳುತ್ತಾರೆ. ಮೊದಲು ಅದಕ್ಕೆ ಸದಾಕಾಲ ಕಂಪನ ಅರಿಯುವ ಶಕ್ತಿ ಕೊಟ್ಟಿತ್ತು. ಆಗ ಮೆಲ್ಲನೆ ನಡೆಯುವ ಕೌಶಲಕ್ಕೆ ಬೆಲೆಯೇ ಇರಲಿಲ್ಲ, ತೆಗೆದದ್ದು ಒಳ್ಳೆಯದಾಯಿತು.

ಖಾಲಿ ಬಿಲದಲ್ಲಿ ಬಾವಲಿ, ಮುಳ್ಳುಹಂದಿ, ಪುನುಗುಬೆಕ್ಕು, ಹಾವು. ಕಳ್ಳರೂ ಇರಬಹುದು.

ಮಳೆಗಾಲದ ನಿಯಮ ಒಂದೇ. ಮೃಗಶಿರಾ ಮಳೆ ಹಿಡಿದ ಮೇಲೆ, ಮೂರು ದಿನ ಬಿಡದೆ ಸುರಿದರೆ, ಶೇಡಿಯಲ್ಲಿ ಹಾದುಹೋಗುವ ಪ್ರತಿ ದಾರಿಗೂ ದಿನಕ್ಕೊಮ್ಮೆ ಇಪ್ಪತ್ತು ಮುಖದ ದಾಳ ಉರುಳಿಸಿ. 3 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಕುಸಿತ. ಮಳೆ ಮುಂದುವರಿದ ಪ್ರತಿ ದಿನಕ್ಕೆ ಆ ಮೂರಕ್ಕೆ ಒಂದೊಂದು ಸೇರಿಸಿ. ಒಳಗಿದ್ದವರಿಗೆ ಚುರುಕಿನ 13ರ ಪರೀಕ್ಷೆ, ಸೋತರೆ 3ಡಿ6 ಪೆಟ್ಟು ಮತ್ತು ಮಣ್ಣಿನಡಿ ಸಿಕ್ಕಿಕೊಳ್ಳುವುದು. ಗಟ್ಟಿ ಮುರಕಲ್ಲಿನ ಭಾಗಕ್ಕೆ ದಾಳ ಬೇಡ, ಅದು ನಿಲ್ಲುತ್ತದೆ. ಮುರಗರಡಿ ಎರಡನೇ ದಿನವೇ ಕೆಳಗಿನ ಕೋಣೆ ಬಿಟ್ಟು ಮೇಲಕ್ಕೆ ಬಂದಿರುತ್ತದೆ. ಅದನ್ನು ಗಮನಿಸಿದ ಆಟಗಾರನಿಗೆ ಒಂದು ದಿನದ ಮುನ್ಸೂಚನೆ ಸಿಕ್ಕಿದಂತೆ.

ಮೃಗ ಎಂದು ಬರೆದದ್ದರ ಪರಿಣಾಮ

ಅಂಕಪಟ್ಟಿಯಲ್ಲಿ ರಾಕ್ಷಸ ಎನ್ನದೆ ಮೃಗ ಎಂದಿರುವುದು ಸಣ್ಣ ಮಾತಲ್ಲ. ಚಂದ್ರವಲಯದ ಡ್ರೂಯಿಡ್, ಅಂದರೆ ಪ್ರಾಣಿರೂಪ ತಾಳಬಲ್ಲ ಮಾಂತ್ರಿಕ ಪಾತ್ರ, ಒಂಬತ್ತನೇ ಹಂತದಲ್ಲಿ ಸವಾಲಿನ ಮಟ್ಟ 3ರ ಮೃಗವಾಗಬಲ್ಲ, ಅಂದರೆ ಮುರಗರಡಿಯೂ ಆಗಬಲ್ಲ. ಮೊದಲ ಕರಡಿನ 30 ಅಡಿ ಉಳಿದಿದ್ದರೆ ಅವನಿಗೆ ಯಾವ ಸೆರೆಮನೆಯೂ ಸಾಲುತ್ತಿರಲಿಲ್ಲ. ಈಗ ಅವನು ಇಡೀ ರಾತ್ರಿ ಕೆರೆದರೂ ಒಂದು ಮೊಳ ಹೋಗಲಾರ.

ಪ್ರಾಣಿಗಳೊಡನೆ ಮಾತಾಡುವ ಮಂತ್ರವೂ ಇದರ ಮೇಲೆ ನಡೆಯುತ್ತದೆ. ಆಟ ನಡೆಸುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ: ಪ್ರಾಣಿ ಒಮ್ಮೆಗೇ ಹಳ್ಳಿಯ ಶಾನುಭೋಗರಂತೆ ವರದಿ ಒಪ್ಪಿಸತೊಡಗುತ್ತದೆ. ಬುದ್ಧಿ 2 ಇರುವ ಮುರಗರಡಿಗೆ ಎಣಿಕೆ ಗೊತ್ತಿಲ್ಲ, ಮುಖ ಗೊತ್ತಿಲ್ಲ, ಎಡಬಲ ಗೊತ್ತಿಲ್ಲ. ಒದ್ದೆಯ ಕಡೆ, ಒಣ ಕಡೆ, ಮೇಲೆ, ಕೆಳಗೆ, ವಾಸನೆ, ನಡುಕ, ನಿದ್ದೆ ಇಷ್ಟರಲ್ಲೇ ಅದರ ಮಾತು. ಕಳ್ಳರು ಯಾವ ಕಡೆ ಹೋದರು ಎಂದು ಕೇಳಿದವರಿಗೆ ಅದು ಹೇಳಬೇಕಾದದ್ದು ಹೀಗೆ: 'ಹೊಗೆವಾಸನೆಯ ಎರಡುಕಾಲು. ಒಣ ಕಡೆಯಿಂದ ಬಂತು. ತಂಪುಕಲ್ಲು ಹೊತ್ತು ಬಂತು, ಕಲ್ಲು ಕಣಕಣ ಎಂದಿತು. ಒದ್ದೆಯ ಕಡೆ ಇಳಿಯಿತು. ಮಲಗಿದೆ, ಎದ್ದೆ, ಮಲಗಿದೆ. ಮೇಲೆ ಬಂದಿಲ್ಲ. ಈಗ ನಡುಕ ಇಲ್ಲ.'